ಮೋರಿ ಕಟ್ಟಿದಾಗ ದುಡ್ಡು ಕೊಡೋ ಮೊದಲು ಚೇಂಬರ್ ಮುಚ್ಚಳ ತೆಗೆದು ನೋಡಿ

ಹೋದ ವಾರ ಡ್ರಿಪ್ ಫಿಲ್ಟರ್ ತೊಳೆಯೋದರ ಬಗ್ಗೆ ಬರೆದಿದ್ದೆ. ಈ ವಾರ ಹೊಲ ಬಿಟ್ಟು ಮನೆಯ ಮೋರಿಗೆ ಬರ್ತೀನಿ. ನಗಬೇಡಿ. ಹೊಸಕೋಟೆ, ಮಾಲೂರು ಕಡೆಯ ನಮ್ಮಲ್ಲಿ ಎಷ್ಟೋ ಜನಕ್ಕೆ ಕೆ.ಆರ್. ಪುರದಲ್ಲೋ, ಹಲಸೂರಿನಲ್ಲೋ ಅಜ್ಜ-ಅಜ್ಜಿ ಕಾಲದ ಒಂದು ಹಳೇ ಮನೆ ಇರುತ್ತೆ. ಬಾಡಿಗೆಗೆ ಕೊಟ್ಟಿರ್ತೀವಿ. ಟೊಮೇಟೊ ರೇಟು ಬಿದ್ದ ತಿಂಗಳು ಮನೆ ನಡೆಸೋದು ಆ ಬಾಡಿಗೆಯೇ. ಮೋರಿ ಒಂದು ಸಲ ಕಟ್ಟಿಕೊಂಡರೆ ಆ ತಿಂಗಳ ಬಾಡಿಗೆ ಅಲ್ಲೇ ಹೋಯ್ತು ಅಂತ ಲೆಕ್ಕ. ನನಗೂ ಹಾಗೇ ಆಗೋದರಲ್ಲಿತ್ತು.

ಕೆ.ಆರ್. ಪುರದಲ್ಲಿ ನಮ್ಮ ಅಜ್ಜಿ ಮನೆ ಇದೆ. ಮೂರು ಸಂಸಾರ ಬಾಡಿಗೆಗೆ ಇದ್ದಾರೆ. ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ ರಾತ್ರಿ ಫೋನ್ ಬಂತು. "ಅಣ್ಣ, ಬಾತ್‌ರೂಮಲ್ಲಿ ನೀರು ವಾಪಸ್ ಬರ್ತಿದೆ, ಮಕ್ಕಳು ಮಲಗೋ ಕೋಣೆವರೆಗೂ ಬಂದಿದೆ." ನಾನು ಮೊಬೈಲಲ್ಲಿ ಹುಡುಕಿ, ಮೊದಲು ಕಂಡ ನಂಬರಿಗೆ ಫೋನ್ ಮಾಡಿ, ಬೈಕ್ ಹತ್ತಿ ಹೊರಟೆ. ಅವರ ಜಾಹೀರಾತಲ್ಲಿ 999 ರೂಪಾಯಿಯಿಂದ ಶುರು ಅಂತ ಇತ್ತು. ಬಂದವರು ಬಾತ್‌ರೂಮಿನ ಟ್ರ್ಯಾಪಿನೊಳಗೆ ಹತ್ತು ನಿಮಿಷ ಸ್ಪ್ರಿಂಗ್ ತಿರುಗಿಸಿದರು. ಆಮೇಲೆ ಹಿಂದಿನ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಎತ್ತಿ ಟಾರ್ಚ್ ಬಿಟ್ಟರು. "ನೋಡಿ ಸಾರ್, ಪೂರ್ತಿ ತುಂಬಿದೆ. ಸಕ್ಕಿಂಗ್ ಲಾರಿ ಬರಬೇಕು, ಜೆಟ್ಟಿಂಗ್ ಮಷಿನ್ ಹಾಕಬೇಕು, ಎಲ್ಲಾ ಸೇರಿ 8,500."

ಟ್ಯಾಂಕ್ ತುಂಬಿದ್ದು ನನ್ನ ಕಣ್ಣಿಗೂ ಕಾಣ್ತಿತ್ತು. ಇಲ್ಲೇ ನಾವೆಲ್ಲ ಎಡವೋದು. ಸೆಪ್ಟಿಕ್ ಟ್ಯಾಂಕ್ ಯಾವಾಗಲೂ ತುಂಬಿಯೇ ಇರುತ್ತೆ. ಹೊರಗೆ ಹೋಗೋ ಪೈಪಿನ ಮಟ್ಟದವರೆಗೆ ನೀರು ನಿಂತರೇನೇ ಅದು ಸರಿಯಾಗಿ ಕೆಲಸ ಮಾಡೋದು. ಒಳಗೆ ಬರೋ ಪೈಪು ಹೊರಗೆ ಹೋಗೋ ಪೈಪಿಗಿಂತ ಎರಡು-ಮೂರು ಇಂಚು ಮೇಲೆ ಇರುತ್ತೆ. ನೀರು ಆ ಮೇಲಿನ ಪೈಪನ್ನೂ ಮುಳುಗಿಸಿದ್ದರೆ ತೊಂದರೆ ಟ್ಯಾಂಕಿನಲ್ಲೋ ಅದರಾಚೆಗೋ ಇದೆ ಅಂತ ಅರ್ಥ. ನಮ್ಮ ಟ್ಯಾಂಕಿನಲ್ಲಿ ಮೇಲಿನ ಪೈಪು ಬರಿದಾಗಿ ಕಾಣ್ತಿತ್ತು. ಆ ಹೊತ್ತಿಗೆ ನನಗೆ ಅದು ಗೊತ್ತಿರಲಿಲ್ಲ, ಅಷ್ಟೆ.

ಅವರಲ್ಲಿ ಒಬ್ಬ ಹುಡುಗ, ಇಪ್ಪತ್ತೋ ಇಪ್ಪತ್ತೊಂದೋ ಇರಬಹುದು, ಪ್ಯಾಂಟ್ ಮಡಚಿಕೊಂಡು ಪಕ್ಕಕ್ಕೆ ಕರೆದ. "ಅಣ್ಣ, ಲಾರಿ ಎಲ್ಲಾ ಯಾಕೆ? 2,500 ಕೊಡಿ, ನಾನೇ ಇಳಿದು ತೆಗೆದುಬಿಡ್ತೀನಿ." ಸುಳ್ಳು ಹೇಳಲ್ಲ, ಆ ಕ್ಷಣ ನನ್ನ ತಲೆಯಲ್ಲಿ ಓಡಿದ್ದು ಆರು ಸಾವಿರ ಉಳಿಯುತ್ತೆ ಅನ್ನೋ ಲೆಕ್ಕವೇ. ಟಾರ್ಚ್ ಹಿಡಿಯೋಕೆ ಕೈ ಚಾಚಿದ್ದೆ. ಬಾಡಿಗೆಯ ಅಕ್ಕ ಬಾಗಿಲಲ್ಲಿ ನಿಂತಿದ್ದರು. "ಬೇಡಪ್ಪ, ಯಾರ ಮಗನೋ ಏನೋ" ಅಂದರು. ನನ್ನ ತಮ್ಮನಿಗೂ ಅಷ್ಟೇ ವಯಸ್ಸು.

ಇದನ್ನು ಸ್ವಲ್ಪ ನಿಂತು ಹೇಳಬೇಕು. ಗೋಬರ್ ಗ್ಯಾಸ್ ಗುಂಡಿ ಇರೋ ಮನೆಯವರಿಗೆ ಇದು ಬೇಗ ಅರ್ಥವಾಗುತ್ತೆ. ಮುಚ್ಚಿಟ್ಟ ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್ ಕೂತಿರುತ್ತೆ. ಕೊಳೆತ ಮೊಟ್ಟೆ ವಾಸನೆ ಬರ್ತಿದ್ದದ್ದು ಒಮ್ಮೆಲೇ ನಿಂತರೆ ಗ್ಯಾಸ್ ಹೋಯ್ತು ಅಂದುಕೊಳ್ತೀವಿ. ಆದರೆ ಅದು ಜಾಸ್ತಿಯಾದಾಗ ಮೂಗಿಗೆ ವಾಸನೆ ಹಿಡಿಯೋ ಶಕ್ತಿಯೇ ಹೋಗಿಬಿಡುತ್ತೆ. ಇಳಿದವನು ಬೀಳ್ತಾನೆ, ಅವನನ್ನು ಎತ್ತೋಕೆ ಹೋದವನೂ ಬೀಳ್ತಾನೆ. ರಕ್ಷಣಾ ಸಲಕರಣೆ ಇಲ್ಲದೆ ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಜನರನ್ನು ಇಳಿಸೋದು 2013ರ ಕಾಯ್ದೆ ಪ್ರಕಾರ ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕೆಲಸಕ್ಕೆ ಕರೆದ ಮನೆ ಮಾಲೀಕನೂ ಇದರಿಂದ ಹೊರಗಿಲ್ಲ. ಒಳಚರಂಡಿಯಲ್ಲಿ ಜೀವ ಹೋದರೆ ಕುಟುಂಬಕ್ಕೆ 30 ಲಕ್ಷ ಪರಿಹಾರ ಅಂತ ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಯಾರಾದರೂ "ಇಳಿದು ತೆಗೀತೀನಿ" ಅಂತ ಕಡಿಮೆ ರೇಟು ಹೇಳಿದರೆ ಆ ರೇಟನ್ನು ಲೆಕ್ಕಕ್ಕೇ ತಗೋಬೇಡಿ.

ಆ ರಾತ್ರಿ ಬಂದವರಿಗೆ 999 ಕೊಟ್ಟು ಕಳಿಸಿದೆ. ಹಲಸೂರಿನಲ್ಲಿ ನಮ್ಮ ಮಾವನಿಗೆ ಪರಿಚಯದ ಒಬ್ಬ ಹಳೇ ಪ್ಲಂಬಿಂಗ್ ಮೇಸ್ತ್ರಿ ಇದ್ದಾರೆ. ಬೆಳಿಗ್ಗೆ ಅವರಿಗೆ ಫೋನ್ ಮಾಡಿದೆ. ಅವರು ರೇಟು ಹೇಳಲೇ ಇಲ್ಲ. "ಮೊದಲು ಚೇಂಬರ್ ಒಂದೊಂದೇ ತೆಗೆದು ಫೋಟೋ ಹಾಕಪ್ಪ" ಅಂದರು.

ಚೇಂಬರ್ ಅಂದರೆ ಮನೆಯ ಪಕ್ಕದ ಓಣಿಯಲ್ಲಿ ಪೈಪು ತಿರುಗೋ ಕಡೆಯಲ್ಲೆಲ್ಲ ಕಟ್ಟಿರೋ ಚಿಕ್ಕ ತೊಟ್ಟಿ, ಮೇಲೆ ಸಿಮೆಂಟ್ ಮುಚ್ಚಳ. ಡ್ರಿಪ್ ಲೈನಿನಲ್ಲಿ ಯಾವ ವಾಲ್ವ್‌ವರೆಗೆ ನೀರು ಬಂತು, ಎಲ್ಲಿಂದ ಮುಂದೆ ಇಲ್ಲ ಅಂತ ಹುಡುಕ್ತೀವಲ್ಲ, ಇಲ್ಲೂ ಅದೇ ಕೆಲಸ. ತುಂಬಿದ ಚೇಂಬರಿಗೂ ಒಣಗಿದ ಚೇಂಬರಿಗೂ ನಡುವೆ ಇರುತ್ತೆ ಅಡಚಣೆ. ಮೊದಲ ಚೇಂಬರೇ ಒಣಗಿದ್ದು ಬಾತ್‌ರೂಮಲ್ಲಿ ನೀರು ನಿಂತಿದ್ದರೆ ಕಟ್ಟಿರೋದು ಮನೆ ಒಳಗೇ, ಹೆಚ್ಚಾಗಿ ಟ್ರ್ಯಾಪಿನಲ್ಲೋ ಬೆಂಡಿನಲ್ಲೋ. ಅದು ಎಲ್ಲಕ್ಕಿಂತ ಅಗ್ಗದ ಕೆಲಸ. ಎಲ್ಲಾ ಚೇಂಬರೂ ತುಂಬಿದ್ದರೆ ಪಕ್ಕದ ಮನೆಯವರನ್ನು ಕೇಳಿ. ಅವರದ್ದೂ ತುಂಬಿದ್ದರೆ ರಸ್ತೆಯ ಮೇನ್ ಲೈನ್ ಕಟ್ಟಿದೆ. ಆಗ ಪ್ರೈವೇಟ್‌ನವರಿಗೆ ಒಂದು ರೂಪಾಯಿಯೂ ಕೊಡಬೇಕಿಲ್ಲ. ರಸ್ತೆಯ ಮ್ಯಾನ್‌ಹೋಲು ಜಲಮಂಡಳಿಯದ್ದು, ನೀರಿನ ಬಿಲ್ಲಿನಲ್ಲಿ ಒಳಚರಂಡಿ ಶುಲ್ಕ ಕಟ್ಟೇ ಇರ್ತೀವಿ. 1916ಕ್ಕೆ ಫೋನ್ ಮಾಡಿ, ಬಿಲ್ಲಿನ ಮೇಲಿರೋ ಆರ್‌ಆರ್ ನಂಬರ್ ಕೊಟ್ಟು, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ರಸ್ತೆ ಮ್ಯಾನ್‌ಹೋಲನ್ನು ಮಾತ್ರ ನೀವೇ ತೆಗೆಯೋಕೆ ಹೋಗಬೇಡಿ. ಚೇಂಬರ್ ಮುಚ್ಚಳ ತೆಗೆಯುವಾಗಲೂ ಮುಖ ದೂರ ಇಟ್ಟು, ಐದು ನಿಮಿಷ ಗಾಳಿಯಾಡೋಕೆ ಬಿಟ್ಟು ಆಮೇಲೆ ಬಗ್ಗಿ ನೋಡಿ. ಬೀಡಿ, ಬೆಂಕಿಕಡ್ಡಿ ಹತ್ತಿರ ಬೇಡ.

ನಮ್ಮಲ್ಲಿ ಮೂರು ಚೇಂಬರ್. ಒಂದು, ಎರಡು ತುಂಬಿದ್ದವು. ಮೂರನೇದು ಒಣಗಿತ್ತು. ಫೋಟೋ ನೋಡಿ ಮೇಸ್ತ್ರಿ ಇಬ್ಬರು ಹುಡುಗರನ್ನು ರಾಡ್ ಕೊಟ್ಟು ಕಳಿಸಿದರು. ಅವರು ಒಣಗಿದ ಮೂರನೇ ಚೇಂಬರಿನಿಂದ ಮೇಲ್ಮುಖವಾಗಿ ರಾಡ್ ತಳ್ಳಿದರು. ತುಂಬಿದ ಕಡೆಯಿಂದ ತಳ್ಳಿದರೆ ಕಸ ಇನ್ನೂ ಗಟ್ಟಿಯಾಗುತ್ತೆ, ಕೈಯೂ ಗಲೀಜಲ್ಲೇ ಇರುತ್ತೆ. ಜೆಟ್ಟಿಂಗ್ ಮಷಿನ್ನಿನವರೂ ಪೈಪನ್ನು ಕೆಳಗಿನ ಚೇಂಬರಿನಿಂದಲೇ ಬಿಡೋದು. ಅದರ ಮೂತಿಯಿಂದ ನೀರು ಹಿಂದಕ್ಕೆ ಚಿಮ್ಮಿ ತಾನಾಗೇ ಮುಂದೆ ಸಾಗುತ್ತೆ, ಕಸವನ್ನು ಹಿಂದಕ್ಕೆ ತಳ್ಳಿಕೊಂಡು ಬರುತ್ತೆ. ಮುಕ್ಕಾಲು ಗಂಟೆಯಲ್ಲಿ ನಮ್ಮದು ಬಿಟ್ಟುಕೊಂಡಿತು. ಹೊರಗೆ ಬಂದದ್ದು ಒಂದು ನೆಲ ಒರೆಸೋ ಬಟ್ಟೆ, ಅದಕ್ಕೆ ಅಂಟಿಕೊಂಡ ಸಿಮೆಂಟ್ ಹೆಂಟೆ. ಹೋದ ವರ್ಷ ಟೈಲ್ಸ್ ಹಾಕಿದವರು ಬಾಣಲೆ ತೊಳೆದ ನೀರನ್ನು ಬಾತ್‌ರೂಮಿಗೇ ಸುರಿದಿದ್ದರು. ಕೂಲಿ 1,500 ಆಯ್ತು.

ಅಂದಮೇಲೆ 8,500 ಅನ್ನೋದು ಯಾವಾಗಲೂ ಮೋಸವೇ ಅಂತಲ್ಲ. ಕೆಲವು ಕಡೆ ಅಷ್ಟು ಬೇಕೇ ಆಗುತ್ತೆ. ಬೆಂಗಳೂರಿನ ಪೂರ್ವ ಭಾಗದಲ್ಲಿ ಏರಿಯಾ ಬದಲಾದ ಹಾಗೆ ಖರ್ಚಿನ ಕಾರಣವೂ ಬದಲಾಗುತ್ತೆ.

ಶಿವಾಜಿನಗರ, ಹಲಸೂರಿನ ಹಳೇ ಬೀದಿಗಳಲ್ಲಿ ಜಾಗವೇ ದೊಡ್ಡ ಖರ್ಚು. ಗೋಡೆಗೆ ಗೋಡೆ ಅಂಟಿದ ಮನೆ, ಲಾರಿ ಒಳಗೆ ಬರಲ್ಲ. ಮುಖ್ಯ ರಸ್ತೆಯಲ್ಲಿ ನಿಲ್ಲಿಸಿ ಉದ್ದದ ಹೋಸ್ ಎಳೀಬೇಕು, ಆ ಉದ್ದಕ್ಕೂ ದುಡ್ಡು ಕೇಳ್ತಾರೆ. ಚೇಂಬರ್ ಎಷ್ಟೋ ಸಲ ಪಕ್ಕದವರ ಅಡುಗೆಮನೆ ಕೆಳಗಿರುತ್ತೆ. ಹಳೇ ಪಿಂಗಾಣಿ ಪೈಪಿನ ಜೋಡಣೆ ಬಿಟ್ಟಿದ್ದರೆ ಜೆಟ್ಟಿಂಗಿನ ಒತ್ತಡಕ್ಕೆ ಇನ್ನಷ್ಟು ಬಿಟ್ಟುಕೊಳ್ಳುತ್ತೆ, ಅಲ್ಲಿ ರಾಡೇ ವಾಸಿ. ಸಾಲಿನಲ್ಲಿ ಹೋಟೆಲೋ ಮಾಂಸದಂಗಡಿಯೋ ಇದ್ದರೆ ಜಿಡ್ಡು ಸೋಪಿನ ಗಟ್ಟಿಯ ಹಾಗೆ ಕೂತಿರುತ್ತೆ. ರಾಡಿನಿಂದ ತೂತು ಬಿದ್ದು ನೀರು ಹೋಗುತ್ತೆ, ಹದಿನೈದು ದಿನಕ್ಕೆ ಮತ್ತೆ ಕಟ್ಟುತ್ತೆ. ಅಂಥ ಕಡೆ ಎರಡು ಸಲ ರಾಡಿಗೆ ಕೊಡೋ ದುಡ್ಡಲ್ಲಿ ಒಂದು ಸಲ ಮಷಿನ್ ಹಾಕಿಸೋದು ಮೇಲು. ಪೈಪು ಗಟ್ಟಿ ಇರಬೇಕು, ಅಷ್ಟೆ.

ಇಂದಿರಾನಗರದಲ್ಲಿ ರಸ್ತೆ ಅಗಲ, ಮಷಿನ್ ಬಾಗಿಲಿಗೇ ಬರುತ್ತೆ. ಅಲ್ಲಿನ ಕಾಟ ಮರದ ಬೇರು. ಪೈಪಿನ ಜೋಡಣೆಯಲ್ಲಿ ಕೂದಲೆಳೆಯಷ್ಟು ಬಿರುಕು ಸಿಕ್ಕರೆ ಸಾಕು, ಬೇರು ನೀರು ಹುಡುಕಿಕೊಂಡು ಒಳಗೆ ಹೋಗಿ ಪೊರಕೆ ಹಾಗೆ ಹರಡುತ್ತೆ. ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರು ಕತ್ತರಿಸಿದರೂ ಮತ್ತೆ ಬರುತ್ತೆ, ಆ ತುಂಡು ಪೈಪನ್ನೇ ಬದಲಾಯಿಸಬೇಕು. ಇನ್ನೊಂದು, ಒಂದು ಸಂಸಾರಕ್ಕೆ ಅಂತ ಹಾಕಿದ ನಾಲ್ಕಿಂಚು ಪೈಪಿಗೆ ಈಗ ಮೂರು ಮಹಡಿ ಪಿಜಿ ಸೇರಿಕೊಂಡಿರುತ್ತೆ. ಅಂಗಳಕ್ಕೆಲ್ಲ ಗ್ರಾನೈಟ್ ಹಾಕಿ ಚೇಂಬರ್ ಮುಚ್ಚಿಬಿಟ್ಟಿದ್ದರೆ ಹುಡುಕೋಕೆ, ಒಡೆಯೋಕೆ, ಮತ್ತೆ ಕೂರಿಸೋಕೆ ಆಗೋ ಖರ್ಚೇ ಮೋರಿ ಬಿಡಿಸೋದಕ್ಕಿಂತ ಜಾಸ್ತಿ.

ಕೆ.ಆರ್. ಪುರದ ಕಥೆ ಬೇರೆ. ಊರು ಬೆಳೆದಿದ್ದು ಮೊದಲು, ಪೈಪು ಬಂದದ್ದು ಆಮೇಲೆ. 2007ರಲ್ಲಿ ಕೆ.ಆರ್. ಪುರ, ಮಹದೇವಪುರ ನಗರಸಭೆಗಳೂ ಸುತ್ತಲ ಹಳ್ಳಿಗಳೂ ಬಿಬಿಎಂಪಿಗೆ ಸೇರಿದವು. ಅಲ್ಲಿವರೆಗೆ ಗುಂಡಿ ತೋಡಿಕೊಂಡಿದ್ದವರು ಯುಜಿಡಿ ಬಂದ ಮೇಲೆ ಹಳೇ ಟ್ಯಾಂಕನ್ನು ನಡುವೆ ಹಾಗೇ ಬಿಟ್ಟು ಅದರಿಂದಲೇ ಕನೆಕ್ಷನ್ ಕೊಟ್ಟರು, ನಮ್ಮ ಅಜ್ಜಿ ಮನೆಯೂ ಹಾಗೇ. ಯುಜಿಡಿ ಇದ್ದ ಮೇಲೆ ಟ್ಯಾಂಕಿನ ಕೆಲಸ ಇಲ್ಲ. ಒಮ್ಮೆ ಖಾಲಿ ಮಾಡಿಸಿ, ಮರಳೋ ಮಣ್ಣೋ ತುಂಬಿ, ನೇರ ಪೈಪ್ ಹಾಕಿಸಿದರೆ ಲಾರಿ ಖರ್ಚು ಅಲ್ಲಿಗೆ ಮುಗೀತು. ಜತೆಗೆ ಪ್ರತಿ ಸಲ ಡಾಂಬರು ಹಾಕಿದಾಗ ರಸ್ತೆ ಎತ್ತರವಾಗಿ ನಮ್ಮ ಹಳೇ ಮನೆಗಳು ತಗ್ಗಿಗೆ ಹೋಗಿವೆ. ಇಳಿಜಾರು ಸಾಲದೆ ಕೆಸರು ಕೂರುತ್ತೆ. ನಾಲ್ಕಿಂಚು ಪೈಪಿಗೆ 40 ಅಡಿಗೆ ಒಂದು ಅಡಿ ಇಳಿಜಾರು ಅನ್ನೋದು ಹಳೇ ಲೆಕ್ಕ. ಟ್ಯೂಬ್ ಲೆವೆಲ್ ಹಿಡಿದು ನೋಡೋಕೆ ನಮಗೆ ಯಾರೂ ಕಲಿಸಬೇಕಿಲ್ಲ. ಮಳೆ ಬಂದಾಗ ಮಾತ್ರ ನೀರು ವಾಪಸ್ ಬರ್ತಿದ್ದರೆ ತಾರಸಿಯ ಪೈಪು ಚೇಂಬರಿಗೆ ಸೇರಿದೆಯಾ ನೋಡಿ. ಹಾಗೆ ಸೇರಿಸೋದು ತಪ್ಪು ಕೂಡ.

ಯುಜಿಡಿ ಇನ್ನೂ ಬರದ ಕಡೆ ಸಕ್ಕಿಂಗ್ ಲಾರಿ ಬೇಕೇ ಬೇಕು. ಅದರ ರೇಟು ಲೋಡಿನ ಲೆಕ್ಕ, ಜತೆಗೆ ಖಾಲಿ ಮಾಡೋ ಜಾಗ ಎಷ್ಟು ದೂರ ಅನ್ನೋದು. ಎಷ್ಟು ಸಾವಿರ ಲೀಟರ್ ಲಾರಿ, ಎಷ್ಟು ಟ್ರಿಪ್ ಅಂತ ಫೋನಲ್ಲೇ ಕೇಳಿ. ಇನ್ನೊಂದು ಕಡೆಯಿಂದಲೂ ಈ ಲಾರಿ ನಮಗೆ ಗೊತ್ತು. ಬೆಂಗಳೂರಿನ ಸುತ್ತ ಕೆಲವು ರೈತರು ಆ ಕೆಸರನ್ನು ಬಾಳೆ, ತೆಂಗಿಗೆ ಗೊಬ್ಬರ ಅಂತ ಹಾಕಿಸಿಕೊಳ್ತಾರೆ. ಹಸಿಯಾಗಿ ಹಾಕಿದರೆ ಜಂತುಹುಳದ ಮೊಟ್ಟೆ ಮಣ್ಣಲ್ಲೇ ಉಳಿಯುತ್ತೆ. ನಮ್ಮ ಬಿಸಿಲಿನ ಸೀಮೆಯಲ್ಲೂ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬೇರೆಯಾಗಿ ಕೂಡಿಟ್ಟು ಒಣಗಿಸಬೇಕು. ಹಸಿಯಾಗಿ ತಿನ್ನೋ ಕೊತ್ತಂಬರಿ, ಮೂಲಂಗಿ, ಕ್ಯಾರೆಟ್ ಸಾಲಿಗೆ ಬೇಡವೇ ಬೇಡ.

ರಾತ್ರಿ, ಭಾನುವಾರ, ಮಳೆ, ಈ ಮೂರರಲ್ಲಿ ಯಾವುದು ಸೇರಿದರೂ ರೇಟು ಏರುತ್ತೆ. ನೀರು ಮನೆ ಒಳಗೆ ಉಕ್ಕದಿದ್ದರೆ ಬಳಕೆ ನಿಲ್ಲಿಸಿ ಬೆಳಿಗ್ಗೆವರೆಗೆ ಕಾಯಬಹುದು. ಕಾಯೋ ಹೊತ್ತಲ್ಲಿ ಅಂಗಡಿಯಿಂದ ಕಾಸ್ಟಿಕ್ ಸೋಡಾ ತಂದು ಸುರಿದು, ಅದು ಕೆಲಸ ಮಾಡಲಿಲ್ಲ ಅಂತ ಮೇಲೆ ಆಸಿಡ್ ಸುರಿಯೋದು ಬೇಡ. ಎರಡೂ ಸೇರಿದರೆ ಕುದ್ದು ಮುಖಕ್ಕೆ ಹಾರುತ್ತೆ. ಬಟ್ಟೆ, ಪ್ಯಾಡ್ ಯಾವುದಕ್ಕೂ ಕರಗೋದಿಲ್ಲ. ಆಮೇಲೆ ರಾಡ್ ಹಾಕೋ ಹುಡುಗನ ಕೈ ಸುಡುತ್ತೆ.

ಫೋನಲ್ಲಿ ರೇಟು ಕೇಳುವಾಗ "ಮೋರಿ ಕಟ್ಟಿದೆ, ಎಷ್ಟು?" ಅಂತ ಕೇಳಬೇಡಿ. "ಎರಡನೇ ಚೇಂಬರ್ ತುಂಬಿದೆ, ಮೂರನೇದು ಒಣಗಿದೆ, ನಡುವೆ ಹನ್ನೆರಡು ಅಡಿ, ನಾಲ್ಕಿಂಚು ಪೈಪ್, ಆಳ ಎರಡಡಿ" ಅಂತ ಹೇಳಿ, ಫೋಟೋ ಹಾಕಿ. ಬಂದು ನೋಡೋಕೆ ಎಷ್ಟು, ಕೆಲಸ ಆಗದಿದ್ದರೂ ಕೊಡಬೇಕಾ, ಒಡೆದರೆ ಮುಚ್ಚೋದು ಯಾರು, ಹದಿನೈದು ದಿನದೊಳಗೆ ಮತ್ತೆ ಕಟ್ಟಿದರೆ ಬರ್ತೀರಾ, ಇಷ್ಟಕ್ಕೂ ವಾಟ್ಸ್ಆ್ಯಪಿನಲ್ಲೇ ಉತ್ತರ ತಗೊಳ್ಳಿ. ಕಾಂಪೌಂಡಿನಿಂದ ರಸ್ತೆ ಮ್ಯಾನ್‌ಹೋಲಿನವರೆಗಿನ ತುಂಡು ಕಟ್ಟಿದ್ದು ರಸ್ತೆ ಅಗೆಯಬೇಕು ಅಂದರೆ ಮಾತ್ರ ಅವಸರ ಮಾಡಬೇಡಿ. ಅದಕ್ಕೆ ಪಾಲಿಕೆ ಅನುಮತಿ ಬೇಕು, ಶುಲ್ಕವೂ ಇದೆ. "ರಾತ್ರೋರಾತ್ರಿ ಅಗೆದು ಮುಚ್ಚಿಬಿಡ್ತೀವಿ" ಅನ್ನೋರ ದಂಡ ಕೊನೆಗೆ ನಿಮ್ಮ ತಲೆಗೇ.

ನಾನು ಈಗ ನಮ್ಮ ಓಣಿಯ ಮೂರೂ ಚೇಂಬರಿನ ಫೋಟೋ, ಗೋಡೆಯಿಂದ ಎಷ್ಟು ಅಡಿ ಅಂತ ಅಳತೆ, ಎಲ್ಲವನ್ನೂ ಒಂದು ಕಾಗದದಲ್ಲಿ ಗೀಚಿ ಬಾಡಿಗೆಯವರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದ್ದೀನಿ. ಟ್ಯಾಂಕ್ ಮುಚ್ಚಿಸೋದು ರಾಗಿ ಕಟಾವು ಮುಗಿದ ಮೇಲೆ. ಮೇಸ್ತ್ರಿ ಬಂದು ಅಳತೆ ತಗೊಂಡು ಹೋಗಿದ್ದಾರೆ, ಪೈಪಿನ ದುಡ್ಡು ಇನ್ನೂ ಹೊಂದಿಸಬೇಕು.