ತಕ್ಕಡಿ ಒಬ್ಬರ ಬಳಿ, ಕಲ್ಲು ಇನ್ನೊಬ್ಬರ ಬಳಿ

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಒಬ್ಬ ವ್ಯಾಪಾರಿ ತಕ್ಕಡಿ ಹಿಡಿದು ತೂಕದ ಕಲ್ಲಿಗೆ ಕಾಯುತ್ತಿದ್ದಾನೆ ಎನ್ನಿ. ಇನ್ನೊಬ್ಬ ಕಲ್ಲು ಹಿಡಿದು ತಕ್ಕಡಿಗೆ ಕಾಯುತ್ತಿದ್ದಾನೆ. ಇಬ್ಬರೂ ಬಿಡುವುದಿಲ್ಲ, ಹಣ್ಣು ಮಾತ್ರ ಕೊಳೆಯುತ್ತದೆ! ಕಂಪ್ಯೂಟರಿನಲ್ಲಿ ಇದರ ಹೆಸರು ‘ಡೆಡ್‌ಲಾಕ್’.

ಕೋಲಾರ, ಮಾಲೂರು, ಮುಳಬಾಗಿಲು, ಎಲ್ಲಿಯದೇ ಕಾಲೇಜಾಗಲಿ, ಲ್ಯಾಬಿನ ಹತ್ತಾರು ಕಂಪ್ಯೂಟರುಗಳ ಕಡತಗಳನ್ನು ಒಂದೇ ಸರ್ವರಿನಲ್ಲಿ ಇಡಬಹುದು. ಅದಕ್ಕೆಂದು ಸನ್ ಮೈಕ್ರೋಸಿಸ್ಟಮ್ಸ್ 1984ರಲ್ಲಿ ರೂಪಿಸಿದ್ದೇ ಎನ್‌ಎಫ್‌ಎಸ್. ಲಿನಕ್ಸ್‌ನ ತಿರುಳಾದ ‘ಕರ್ನಲ್’ನಲ್ಲಿ ಇದು ಮಂಡಿಯ ವ್ಯಾಪಾರಿಗಳಂತೆಯೇ ಸಿಕ್ಕಿಕೊಳ್ಳುವ ಅಪಾಯವಿತ್ತು.

ಕಡತಕ್ಕೆ ಬರೆಯುವ ಕೆಲಸ ಮೊದಲು ಕಡತದ ಬೀಗ ಹಿಡಿಯುತ್ತದೆ. ಬರೆಯಬೇಕಾದ ಮಾಹಿತಿ ಮೆಮೊರಿಯಲ್ಲಿ ಸಿಗದಿದ್ದರೆ ಆಮೇಲೆ ಮೆಮೊರಿಯ ಬೀಗ ಕೇಳುತ್ತದೆ. ಕಡತವನ್ನು ಮೆಮೊರಿಗೆ ಜೋಡಿಸುವ ‘ಎಮ್‌ಮ್ಯಾಪ್’ ಇದಕ್ಕೆ ತಿರುಗಾಮುರುಗಾ. ಮೆಮೊರಿಯ ಬೀಗ ಹಿಡಿದೇ ಬರುತ್ತದೆ. ಸರ್ವರಿನ ಕಡತ ಬದಲಾಗಿದೆಯೇ ಎಂದು ನೋಡಲು ಕಡತದ ಬೀಗವನ್ನೂ ಕೇಳುತ್ತಿತ್ತು. ಒಂದೇ ಪ್ರೋಗ್ರಾಮಿನ ಎರಡು ಎಳೆಗಳು ಒಂದೇ ಗಳಿಗೆಯಲ್ಲಿ ಹೀಗೆ ಎದುರಾದರೆ ಮುಗಿಯಿತು. ಪ್ರೋಗ್ರಾಮನ್ನು ನಿಲ್ಲಿಸಲೂ ಆಗದು. ಯಂತ್ರವನ್ನೇ ಆರಿಸಿ ಮತ್ತೆ ಚಾಲೂ ಮಾಡಬೇಕು. ವಿದ್ಯಾರ್ಥಿ ಉಳಿಸಿಡದ ಪ್ರಾಜೆಕ್ಟ್ ಹೋದಂತೆಯೇ.

ಅಪರೂಪಕ್ಕೆ ಬರುವ ಇಂಥ ತಪ್ಪನ್ನು ಹಿಡಿಯುವುದೇ ದೊಡ್ಡ ತಲೆನೋವು. 2006ರಲ್ಲಿ ಲಿನಕ್ಸ್‌ಗೆ ಸೇರಿದ ‘ಲಾಕ್‌ಡೆಪ್’ ಯಾವ ಬೀಗದ ನಂತರ ಯಾವುದನ್ನು ಹಿಡಿದರೆಂದು ನೆನಪಿಟ್ಟು, ಯಂತ್ರ ಸ್ತಬ್ಧವಾಗುವ ಮೊದಲೇ ಎಚ್ಚರಿಸುತ್ತದೆ.

ಇನ್ನು ದುರಸ್ತಿ. ಎಮ್‌ಮ್ಯಾಪ್ ಮೆಮೊರಿಯ ಬೀಗವನ್ನು ನಡುವೆ ಬಿಡುವಂತಿಲ್ಲ. ಆದ್ದರಿಂದ ಆ ದಾರಿಯಲ್ಲಿ ಕಡತದ ಬೀಗ ಕೇಳದೆಯೇ ಪರೀಕ್ಷೆ ಮುಗಿಯುವಂತೆ ಮಾಡಿದರು. ತಕ್ಕಡಿ ಹಿಡಿದವನು ಈಗ ಕಲ್ಲಿಗೆ ಕಾಯುವುದಿಲ್ಲ.