ವಿಮಾನಗಳು ಕೆಲವು, ಹೊಣೆಗಳು ಹಲವು

ಭಾರತೀಯ ವಾಯುಪಡೆಗೆ ಮಂಜೂರಾಗಿರುವ ಯುದ್ಧವಿಮಾನ ಸ್ಕ್ವಾಡ್ರನ್‌ಗಳ ಸಂಖ್ಯೆ 42. 2025ರ ಸೆಪ್ಟೆಂಬರ್ 26ರಂದು ಮಿಗ್-21 ವಿಮಾನಗಳು ಚಂಡೀಗಢದಲ್ಲಿ ವಿದಾಯ ಪಡೆದ ಬಳಿಕ ಉಳಿದವು 29. ಒಂದು ಸ್ಕ್ವಾಡ್ರನ್ನಿನಲ್ಲಿ ಸಾಮಾನ್ಯವಾಗಿ 16ರಿಂದ 18 ವಿಮಾನಗಳಿರುತ್ತವೆ. ಪಶ್ಚಿಮದ ಗಡಿ, ಉತ್ತರದ ಗಡಿ, ಸುತ್ತಲಿನ ಸಾಗರ ಇವೆಲ್ಲಕ್ಕೂ ಹಂಚಬೇಕಾದುದು ಇಷ್ಟನ್ನೇ. ಹೊಸ ವಿಮಾನಗಳು ಬರುವವರೆಗೆ ಇರುವುದನ್ನು ಹಂಚುವ ಬಗೆ ಹೇಗೆ? ಇದೇ ಪ್ರಶ್ನೆಯನ್ನು 1940ರಲ್ಲಿ ಬ್ರಿಟನ್ ಎದುರಿಸಿತ್ತು.

ಆ ವರ್ಷದ ಮೇ 10ರಂದು ಜರ್ಮನಿಯು ಪಶ್ಚಿಮ ಯೂರೋಪಿನ ಮೇಲೆ ದಾಳಿಯಿಟ್ಟಿತು. ನಾಲ್ಕೇ ದಿನಗಳಲ್ಲಿ ಫ್ರಾನ್ಸಿನ ರಕ್ಷಣಾ ಸಾಲು ಮುರಿಯಿತು. ಇನ್ನೂ ಹತ್ತು ಸ್ಕ್ವಾಡ್ರನ್‌ಗಳನ್ನು ಕಳುಹಿಸಬೇಕೆಂದು ಫ್ರೆಂಚ್ ಪ್ರಧಾನಿ ಪಾಲ್ ರೆನೊ ಬ್ರಿಟನ್ನಿನ ಪ್ರಧಾನಿ ಚರ್ಚಿಲ್ಲರನ್ನು ಬೇಡಿದರು. ಮಿತ್ರರಾಷ್ಟ್ರವು ಮುಳುಗುತ್ತಿರುವಾಗ ಇಲ್ಲವೆನ್ನುವುದು ಸುಲಭವಲ್ಲ. ಆದರೆ ಬ್ರಿಟನ್ನಿನ ಫೈಟರ್ ಕಮಾಂಡಿನ ಮುಖ್ಯಸ್ಥ ಹ್ಯೂ ಡೌಡಿಂಗ್ ಇಲ್ಲವೆಂದರು. ಮೇ 16ರಂದು ಅವರು ವಾಯು ಸಚಿವಾಲಯಕ್ಕೆ ಬರೆದ ಪತ್ರದ ತರ್ಕ ಸರಳವಾದುದು. ದೇಶದ ರಕ್ಷಣೆಗೆ 52 ಸ್ಕ್ವಾಡ್ರನ್‌ಗಳು ಬೇಕೆಂದು ಹಿಂದೆಯೇ ಲೆಕ್ಕ ಹಾಕಲಾಗಿತ್ತು; ಈಗ ಉಳಿದಿರುವುದು 36. ಇವನ್ನೂ ಫ್ರಾನ್ಸಿಗೆ ಸುರಿದರೆ, ಅಲ್ಲಿನ ಸೋಲು ಬ್ರಿಟನ್ನಿನದೂ ಆದೀತು. ಆದ್ದರಿಂದ ಸ್ವದೇಶಕ್ಕೆ ಕನಿಷ್ಠ ಎಷ್ಟು ಬೇಕೆಂಬುದನ್ನು ಮೊದಲು ನಿಶ್ಚಯಿಸಿರಿ, ಎಂದು ಅವರು ಕೇಳಿದರು.

ಅದೇ ದಿನ ಪ್ಯಾರಿಸ್ಸಿಗೆ ಹೋಗಿದ್ದ ಚರ್ಚಿಲ್ ಮತ್ತೆ ಆರು ಸ್ಕ್ವಾಡ್ರನ್‌ಗಳಿಗಾಗಿ ಸಂಪುಟವನ್ನು ಕೋರಿದರು. ಕೊನೆಗೊಂದು ಮಧ್ಯಮಾರ್ಗ ದೊರೆಯಿತು: ಈ ಆರೂ ಇಂಗ್ಲೆಂಡಿನಲ್ಲೇ ನೆಲೆಸಿದ್ದು, ಮೂರು ಬೆಳಿಗ್ಗೆ, ಮೂರು ಮಧ್ಯಾಹ್ನ ಫ್ರಾನ್ಸಿನ ನಿಲ್ದಾಣಗಳಿಂದ ಕಾದುವುದು. ಮೇ 19ರಂದು, ಇನ್ನು ಯಾವ ಫೈಟರ್ ಸ್ಕ್ವಾಡ್ರನ್ನೂ ದೇಶ ಬಿಟ್ಟು ಹೋಗಕೂಡದೆಂದು ಚರ್ಚಿಲ್ಲರೇ ಆಜ್ಞಾಪಿಸಿದರು.

ಹಂಚಿಕೆಯ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಡನ್‌ಕರ್ಕ್ ತೀರದಿಂದ 3,38,226 ಸೈನಿಕರನ್ನು ಹಡಗುಗಳಲ್ಲಿ ಪಾರುಮಾಡುವಾಗ ಆಗಸದಲ್ಲಿ ಕಾವಲು ಬೇಕಾಯಿತು. ಬೆಳಗಿನಿಂದ ಸಂಜೆಯವರೆಗೂ ನಿರಂತರ ಕಾವಲಿಟ್ಟರೆ ಪ್ರತಿ ತಂಡವೂ ಚಿಕ್ಕದಾಗಿ ಶತ್ರುವಿಗೆ ತುತ್ತಾಗುತ್ತಿತ್ತು. ದೊಡ್ಡ ತಂಡಗಳನ್ನು ಕಳುಹಿಸಿದರೆ ನಡುವೆ ಆಕಾಶ ಬರಿದಾಗುತ್ತಿತ್ತು. ಆಗ್ನೇಯ ಇಂಗ್ಲೆಂಡಿನ 11ನೇ ಗ್ರೂಪಿನ ನಾಯಕ ಕೀತ್ ಪಾರ್ಕ್ ಎರಡನೆಯದನ್ನು ಆರಿಸಿದರು. ಆ ಬರಿದಾದ ಹೊತ್ತಿನಲ್ಲಿ ಬಾಂಬಿಗೆ ಸಿಕ್ಕ ಸೈನಿಕರು ನಮ್ಮ ವಾಯುಪಡೆ ಎಲ್ಲಿ ಎಂದು ಶಪಿಸಿದರು. ಅವರ ನೋವು ಸುಳ್ಳಲ್ಲ, ಪಾರ್ಕ್ ಅವರ ಲೆಕ್ಕವೂ ತಪ್ಪಲ್ಲ.

ಜುಲೈ 10ರಿಂದ ಯುದ್ಧ ಬ್ರಿಟನ್ನಿನ ಆಕಾಶಕ್ಕೇ ಬಂದಿತು. ಕರಾವಳಿಯ ರಾಡಾರ್ ಕೇಂದ್ರಗಳು ಶತ್ರುವಿನ ಬರವನ್ನು ಮುಂಚಿತವಾಗಿ ಸೂಚಿಸುತ್ತಿದ್ದುದರಿಂದ ವಿಮಾನಗಳು ಇಡೀ ದಿನ ಹಾರಾಡಬೇಕಿರಲಿಲ್ಲ. ಅಗತ್ಯವಾದಾಗ ಮಾತ್ರ ಮೇಲೇರುತ್ತಿದ್ದವು. ದಕ್ಷಿಣದಲ್ಲಿ ಕಾದಾಟ ತೀವ್ರವಾಗಿದ್ದಾಗಲೂ ಡೌಡಿಂಗ್ ಉತ್ತರವನ್ನು ಬರಿದು ಮಾಡಲಿಲ್ಲ. ದಣಿದ ಸ್ಕ್ವಾಡ್ರನ್‌ಗಳನ್ನು ಅಲ್ಲಿಗೆ ಕಳುಹಿಸಿ, ವಿರಮಿಸಿದವನ್ನು ಕರೆತರುತ್ತಿದ್ದರು. ಆಗಸ್ಟ್ 15ರಂದು ಜರ್ಮನ್ ವಿಮಾನಗಳು ನಾರ್ವೆ, ಡೆನ್ಮಾರ್ಕ್‌ಗಳಿಂದ ಹೊರಟು ಉತ್ತರದ ಮೇಲೆರಗಿದಾಗ ಅಲ್ಲಿದ್ದ ಸ್ಕ್ವಾಡ್ರನ್‌ಗಳು ಅವನ್ನು ಭಾರೀ ನಷ್ಟದೊಡನೆ ಹಿಮ್ಮೆಟ್ಟಿಸಿದವು. ಸೆಪ್ಟೆಂಬರಿನ ವೇಳೆಗೆ ವಿಮಾನಗಳಿಗಿಂತ ನುರಿತ ಪೈಲಟ್‌ಗಳ ಕೊರತೆಯೇ ಹೆಚ್ಚು ಕಾಡಿತು. ಕಾರ್ಖಾನೆ ವಿಮಾನವನ್ನು ಬೇಗ ಕೊಡಬಲ್ಲುದು, ಅನುಭವವನ್ನು ಕೊಡಲಾರದು.

ಬ್ರಿಟನ್ ಉಳಿಯಿತು. ಆದರೆ ರಾತ್ರಿಯ ಬಾಂಬುದಾಳಿಗಳನ್ನು ತಡೆಯಲಾಗಲಿಲ್ಲವೆಂಬ ಟೀಕೆಗಳ ನಡುವೆ ಅದೇ ನವೆಂಬರಿನಲ್ಲಿ ಡೌಡಿಂಗ್ ಹುದ್ದೆಯಿಂದ ಕೆಳಗಿಳಿಯಬೇಕಾಯಿತು.

ಎಲ್ಲ ಕಡೆಗೂ ಸ್ವಲ್ಪ ಸ್ವಲ್ಪ ಕೊಡುವುದು ನ್ಯಾಯವೆಂದು ತೋರುತ್ತದೆ; ಯುದ್ಧದಲ್ಲಿ ಅದು ಎಲ್ಲ ಕಡೆಯೂ ಸಾಲದಂತೆ ಮಾಡುವ ದಾರಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಗಾದೆ ಹೇಳುತ್ತದೆ. ಯಾವ ಕರೆಗೆ ಓಗೊಡಬಾರದೆಂದು ನಿರ್ಧರಿಸುವ, ನಿರ್ಧರಿಸಿ ದೂಷಣೆಯನ್ನು ಹೊರುವ ಕಠಿಣ ಕೆಲಸವೂ ಆ ಗಾದೆಯೊಳಗಿದೆ. ಸ್ಕ್ವಾಡ್ರನ್‌ಗಳು 36 ಇರಲಿ, 29 ಇರಲಿ, ದೇಶ ಕಾಯುವವರ ಮುಂದಿರುವುದು ಇದೇ ಹೊಣೆ.