ಮಾವನ ಲೇತ್ ಮುಂದೆ ನನ್ನ ಕಾರ್ಬೈಡ್ ಟಿಪ್

ಶೇಂಗಾದಿಂದಾಗಿ ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರು. ಆದರೆ ಮಿಲ್ಲುಗಳ ಬೆನ್ನಿಗೆ ನಿಂತಿರೋ ಲೇತ್ ಶೆಡ್‌ಗಳ ಬಗ್ಗೆ ಯಾರೂ ಮಾತಾಡಲ್ಲ. ಎಕ್ಸ್‌ಪೆಲ್ಲರ್ ಶಾಫ್ಟ್ ಸವೆದರೆ ಹೊಸದಕ್ಕೆ ಕಾಯೋಷ್ಟು ಪುರುಸೊತ್ತು ಸೀಸನ್‌ನಲ್ಲಿ ಯಾರಿಗಿದೆ? ಸವೆದ ಜಾಗಕ್ಕೆ ವೆಲ್ಡಿಂಗ್ ತುಂಬಿ, ಲೇತ್‌ಗೆ ಕಟ್ಟಿ, ಮತ್ತೆ ಅಳತೆಗೆ ತರ್ತಾರೆ. ನಮ್ಮ ಸೋದರಮಾವನದ್ದು ಅಂಥದ್ದೇ ಒಂದು ಶೆಡ್. ಬೆಲ್ಟ್‌ನಿಂದ ತಿರುಗೋ ಹಳೇ ಲೇತ್, 2 ಎಚ್‌ಪಿ ಮೋಟರ್.

ನಾನು ಬೆಂಗಳೂರಿನ ಪೀಣ್ಯದಲ್ಲಿ ಸಿಎನ್‌ಸಿ ಕೆಲಸದವನು. ಹೋದ ಸಲ ಊರಿಗೆ ಹೋದಾಗ ಕಾರ್ಬೈಡ್ ಇನ್ಸರ್ಟ್‌ಗಳ ಒಂದು ಡಬ್ಬಿ ಒಯ್ದಿದ್ದೆ. ಅವತ್ತೇ ಒಂದು ಮಿಲ್ಲಿನ 75 ಮಿ.ಮೀ. ಶಾಫ್ಟ್ ಬಂದಿತ್ತು. ಮಿಲ್ ನಿಂತಿದೆ, ಸಂಜೆಯೊಳಗೆ ಬೇಕು.

‘ಮಾವ, ಇದನ್ನ ನನಗೆ ಬಿಡಿ’ ಅಂದೆ.

ಲೆಕ್ಕ ನನಗೆ ಬಾಯಿಪಾಠ. ಉಕ್ಕಿಗೆ ಎಚ್‌ಎಸ್‌ಎಸ್ ಟೂಲ್ ಆದರೆ ನಿಮಿಷಕ್ಕೆ ಸುಮಾರು 30 ಮೀಟರ್ ವೇಗ, ಕಾರ್ಬೈಡ್‌ಗೆ 120 ಮೀಟರ್ ಧಾರಾಳ. ಈ ಶಾಫ್ಟಿಗೆ ಅಂದರೆ 127 ಸುತ್ತಿನ ಬದಲು 509 ಸುತ್ತು. 2 ಮಿ.ಮೀ. ಆಳ, 0.25 ಫೀಡ್ ಕೊಟ್ಟೆ. ಮೋಟರ್ ಗುಂಯ್ ಅಂತ ನರಳಿತು, ಬೆಲ್ಟ್ ಜಾರಿತು. ಆಮೇಲೆ ಪೇಪರ್ ಮೇಲೆ ನೋಡಿದರೆ ಆ ಕಟ್‌ಗೆ ಹತ್ತಿರ ಹತ್ತಿರ 2 ಕಿಲೋವ್ಯಾಟ್ ಬೇಕು. 2 ಎಚ್‌ಪಿ ಅಂದರೆ ಒಂದೂವರೆಯಷ್ಟೇ. ಪೀಣ್ಯದ ಮಷಿನ್‌ಗಳು ನನಗೆ ಈ ಲೆಕ್ಕವನ್ನೇ ಮರೆಸಿದ್ದವು.

ಆಳ ಕಡಿಮೆ ಮಾಡಿದೆ. ಶಾಫ್ಟ್ ತಿರುಗಿತು. ಆದರೆ ಗೇರ್ ಕೂರೋ ಜಾಗದಲ್ಲಿ ಕೀವೇ ಇತ್ತು. ಪ್ರತಿ ಸುತ್ತಿಗೂ ಟೂಲ್ ಆ ಗಾಡಿಗೆ ಬಿದ್ದು ಎದ್ದು, ಟಕ್ ಟಕ್ ಟಕ್. ಎರಡೇ ನಿಮಿಷ, ಟಿಪ್‌ನ ಮೂಲೆ ಹಾರಿಹೋಯ್ತು. ಹೊಸದು ಹಾಕಿದೆ, ಅದೂ ಹೋಯ್ತು. ಕಾರ್ಬೈಡ್ ಗಟ್ಟಿ, ಬಿಸಿ ತಡೆಯುತ್ತೆ, ಆದರೆ ಏಟು ತಡೆಯಲ್ಲ.

‘ಲೇ ಅಳಿಯ, ನಿಲ್ಸೋ ಸಾಕು’ ಅಂದರು ಮಾವ. ಬೈಲಿಲ್ಲ. ಗ್ರೈಂಡರ್‌ನಲ್ಲಿ ತಾವೇ ಮಸೆದ ಎಚ್‌ಎಸ್‌ಎಸ್ ಟೂಲ್ ಕಟ್ಟಿ, ನಿಧಾನದ ಸ್ಪೀಡಿಗೆ ಬೆಲ್ಟ್ ಬದಲಿಸಿ ಶುರು ಮಾಡಿದರು. ವೆಲ್ಡಿಂಗ್‌ನ ಮೇಲ್ಪದರ ಒರಟು, ಅವರ ಟೂಲೂ ಎರಡು ಸಲ ಮೊಂಡಾಯ್ತು. ಮಸೆದರು, ಮತ್ತೆ ಕಟ್ಟಿದರು. ಕೀವೇ ಮೇಲೆ ಮಾತ್ರ ಅದು ಒಂದು ಚೂರೂ ಒಡೀಲಿಲ್ಲ.

ಸ್ಪೀಡಿನ ಆಸೆ ಎಷ್ಟು ದುಬಾರಿ ಅನ್ನೋದನ್ನ ಅಮೆರಿಕದ ಫ್ರೆಡರಿಕ್ ಟೇಲರ್ ಬಹಳ ಹಿಂದೆಯೇ ಲೆಕ್ಕ ಹಾಕಿದ್ದ. 26 ವರ್ಷ ಲೋಹ ಕತ್ತರಿಸಿ ನೋಡಿ, 1907ರಲ್ಲಿ ಅದನ್ನೆಲ್ಲ ಪ್ರಕಟಿಸಿದ. ಅವನ ಸೂತ್ರದ ಪ್ರಕಾರ ವೇಗ ಶೇ 20 ಏರಿಸಿದರೆ ಕಾರ್ಬೈಡ್ ಟೂಲ್‌ನ ಆಯುಷ್ಯ ಹೆಚ್ಚುಕಮ್ಮಿ ಅರ್ಧ ಆಗುತ್ತೆ. ಎಚ್‌ಎಸ್‌ಎಸ್‌ನದ್ದು ಕಾಲು ಭಾಗಕ್ಕೂ ಕೆಳಗೆ. ಮಾವ ಈ ಹೆಸರೇ ಕೇಳಿಲ್ಲ. ಆದರೆ ಸಿಪ್ಪೆ ನೀಲಿಯಾದ ತಕ್ಷಣ ಅವರ ಕೈ ಸ್ವಿಚ್ ಹತ್ರ ಹೋಗುತ್ತೆ.

ಬೇರಿಂಗ್ ಕೂರೋ ಜಾಗದಲ್ಲಿ ನನಗೊಂದು ಅವಕಾಶ ಸಿಕ್ತು. ಅಲ್ಲಿ ಕೀವೇ ಇಲ್ಲ, ನುಣುಪು ಬೇಕು. ನಿಧಾನ ವೇಗದಲ್ಲಿ ಉಕ್ಕು ಟೂಲ್‌ನ ತುದಿಗೇ ಅಂಟಿಕೊಂಡು ಮೇಲ್ಮೈಯನ್ನ ಗೀರುತ್ತೆ. ಅರ್ಧ ಮಿ.ಮೀ. ಆಳ, 0.1 ಫೀಡ್, ಕಾರ್ಬೈಡ್, ಹೆಚ್ಚು ಸ್ಪೀಡ್. ಇಷ್ಟಕ್ಕೆ ಮೋಟರ್ ಉಸಿರೂ ಎತ್ತಲಿಲ್ಲ. ಫೀಡ್ ಅರ್ಧ ಮಾಡಿದರೆ ಲೆಕ್ಕದಲ್ಲಿ ಗೀರಿನ ಆಳ ಕಾಲು ಭಾಗಕ್ಕೆ ಇಳಿಯುತ್ತೆ. ಮಾವ ಉಗುರಿನಿಂದ ಸವರಿ ನೋಡಿ, ‘ಇದು ಪರವಾಗಿಲ್ವೋ’ ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಶಾಫ್ಟ್ ಏಳು ಗಂಟೆಗೆ ಮಿಲ್ಲಿಗೆ ಹೋಯ್ತು. ಸಂಜೆ ಅಂದಿದ್ದು ರಾತ್ರಿಯಾಯ್ತು, ತಪ್ಪು ನನ್ನದೇ.

ಅಷ್ಟರಲ್ಲಿ ಮೊಳಕಾಲ್ಮೂರಿನ ರೈತರೊಬ್ಬರು ಬೋರ್‌ವೆಲ್ ಪಂಪಿನ ಗನ್‌ಮೆಟಲ್ ಬುಷ್ ಹಿಡಿದು ಬಂದು ಕೂತಿದ್ದರು. ನಾನು ಉಕ್ಕಿಗೆ ಮಸೆದಿದ್ದ ಟೂಲನ್ನೇ ಎತ್ತಿಕೊಂಡೆ. ಮಾವ ಕಿತ್ತುಕೊಂಡರು. ‘ಇದಕ್ಕೆ ಮೇಲ್ಮುಖ ಸಪಾಟಾಗಿರಬೇಕು. ಇಳಿಜಾರಿದ್ರೆ ಗನ್‌ಮೆಟಲ್ ಟೂಲನ್ನ ಒಳಗೆ ಎಳ್ಕೊಳುತ್ತೆ’ ಅಂತ ಬೇರೊಂದು ಮಸೆಯೋಕೆ ಶುರು ಮಾಡಿದರು. ಈ ಸಲ ಸುರುಳಿ ಬರಲಿಲ್ಲ. ರವೆಯ ಹಾಗೆ ಹಳದಿ ಪುಡಿ ಉದುರಿತು.

ಬರುವಾಗ ಉಳಿದ ಇನ್ಸರ್ಟ್ ಡಬ್ಬಿ ಹುಡುಕಿದೆ. ಮಾವನ ಡ್ರಾಯರ್‌ನಲ್ಲಿತ್ತು, ಬೀಗ ಹಾಕಿ.